ಬಾಗಿಲಿಗೆ ಬಳಿದ ರಕ್ತ

ಅಲ್ಲವ್ವ ತಲೆಯ ಮೇಲಿನ ಕೊಡ ಇಳಿಸುವುದಕ್ಕೂ ಮೊದಲೇ ಗಂಡನನ್ನು ಕೂಗಿದಳು.

"ಏನ್ರಿ, ಕೇಳಿದ್ರೇನು? ಕುರುಬರ ಓಣ್ಯಾಗ ಉದ್ದಪ್ಪ ತನ್ನ ಬಾಗಲಕ್ಕ ರಕ್ತಾ ಬಳದಾನಂತ. ಮ್ಯಾಲಿನ ಪಟ್ಟಿಗೂ, ಎರಡೂ ಬಾಜೂಕೂ. ಬಾಗಲಾ ಹಾಕ್ಕೊಂಡು ಮನಿಮಂದೆಲ್ಲಾ ಒಳಗ ಕುಂತಾರಂತ. ಬಾಂವಿ ಕಟ್ಟಿ ಮ್ಯಾಲ ಇದಽ ಮಾತು."

ರಾಜಪ್ಪ ಶಾಲೆಯ ಮಕ್ಕಳಿಗಾಗಿ ಚಾಪೆ ಬಿಡಿಸುತ್ತಿದ್ದವನು ಹಾಗೇ ನಿಂತ.

"ಎಂಥಾ ರಕ್ತ?"

"ಕುರಿಮರಿದು. ಐತವಾರ ನೀವಽ ಹೇಳಿದ್ರೆಲ್ಲಾ."

ಮೂಡಲಗಿಯಲ್ಲಿ ಆ ವಾರ ಇಲಿಗಳು ಬೀಳತೊಡಗಿದ್ದವು. ಪ್ಲೇಗು ಈ ಸೀಮೆಗೆ ಹೊಸದಾಗಿರಲಿಲ್ಲ. ಐದಾರು ವರ್ಷಗಳಿಂದ ದಸರೆ ಮುಗಿಯುವ ಹೊತ್ತಿಗೆ ಎಲ್ಲೋ ಒಂದು ಊರಲ್ಲಿ ತಲೆಯೆತ್ತಿ, ಚಳಿಗಾಲ ಪೂರ್ತಿ ಊರಿಂದೂರಿಗೆ ತಿರುಗುತ್ತಿತ್ತು. ಸತ್ತ ಇಲಿ ಕಂಡ ಕೂಡಲೇ ಮನೆ ಬಿಟ್ಟು ಊರ ಹೊರಗಿನ ಗುಡಿಸಲುಗಳಿಗೆ ಹೋಗಬೇಕೆಂದು ಸರ್ಕಾರದ ಅಪ್ಪಣೆ. ಪೇಟೆಯವರು ಆಗಲೇ ಬಂಡಿ ಹೇರಿದ್ದರು. ಕುರುಬರ ಓಣಿಯಲ್ಲೂ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು.

ರಾಜಪ್ಪ ಆ ಊರಿನ ಮಿಶನ್ನಿನ ಉಪದೇಶಿ. ಮೂವತ್ತು ದಾಟಿರಲಿಲ್ಲ. ಹುಕ್ಕೇರಿಯ ಲಿಂಗಾಯತ ವ್ಯಾಪಾರಸ್ಥರ ಮನೆಯವನು. ಸಣ್ಣವನಿದ್ದಾಗ ಅಜ್ಜನ ಕೈ ಹಿಡಿದು ಮಠಕ್ಕೆ ಹೋಗಿ ಬೆಡಗಿನ ವಚನಗಳ ಅರ್ಥ ಕೇಳುತ್ತ ಕೂತವನು. ಮೇಲಿಂದ ಕೇಳಿದರೆ ತಲೆಬುಡ ತಿಳಿಯದ ಮಾತು. ಸ್ವಾಮಿಗಳು ಒಂದೊಂದೇ ಪದ ಬಿಡಿಸಿ ಇದು ಮನಸ್ಸು, ಇದು ಕಾಯ, ಇದು ಗುರು ಎಂದು ತೋರಿಸುವಾಗ ಹುಡುಗನ ಮೈ ಜುಮ್ಮೆನ್ನುತ್ತಿತ್ತು. ಮುಂದೆ ಅವನು ಕ್ರೈಸ್ತನಾದ ಮೇಲೆ ಮನೆಯವರು ಅವನ ಹೆಸರೆತ್ತುವುದನ್ನೇ ಬಿಟ್ಟರು. ಆದರೆ ಉಪದೇಶಿಗಳ ಶಾಲೆಯಲ್ಲಿ ಅದೇ ಮಠದ ರುಚಿ ಅವನಿಗೆ ಮತ್ತೆ ಸಿಕ್ಕಿತು.

ಅಲ್ಲಿನ ಮುದಿ ಗುರುಗಳು ಮೊದಲ ಕಾಲದ ಕ್ರೈಸ್ತರ ಸಂಗತಿ ಹೇಳುತ್ತಿದ್ದರು. ಆ ಜನಕ್ಕೆ ತಮ್ಮದೆನ್ನುವ ಬೇರೆ ಗ್ರಂಥ ಇನ್ನೂ ಇರಲಿಲ್ಲ. ಯೆಹೂದಿಗಳ ಪ್ರವಾದಿಗಳ ಸುರುಳಿಗಳೇ ಅವರಿಗೂ ಗ್ರಂಥ. ಅದರೊಳಗೇ ತಮ್ಮ ಒಡೆಯನನ್ನು ಹುಡುಕಿದರು. ಎಲ್ಲಿ ಮರದ ತುಂಡು ಬಂದರೂ ಅದು ಶಿಲುಬೆ. ಎಲ್ಲಿ ಕುರಿಮರಿ ಬಂದರೂ ಅದು ಕ್ರಿಸ್ತ. ಮುತ್ತಿಗೆ ಬಿದ್ದ ಊರಲ್ಲಿ ಒಬ್ಬ ಹೆಂಗಸು ತನ್ನ ಮನೆ ಉಳಿಯಲೆಂದು ಕಿಟಕಿಗೆ ಕಟ್ಟಿದ ಕೆಂಪು ದಾರವೂ ಅವನ ರಕ್ತವೇ. ಯೆಹೂದಿಗಳ ಹಳೆಯ ನಾಯಕ ಮೋಶೆಯ ಕಾಲದಲ್ಲಿ ನಡೆದದ್ದು ನೆರಳು, ಆಮೇಲೆ ಬಂದದ್ದು ದೇಹ. ರಾಜಪ್ಪ ಈ ವಿದ್ಯೆಯನ್ನು ಎದೆಗೆ ಹಚ್ಚಿಕೊಂಡ. ಅವನ ಉಪದೇಶ ಕೇಳಲು ಗೋಕಾಕದಿಂದಲೂ ಜನ ಬರುತ್ತಿದ್ದರು.

ಹೋದ ಭಾನುವಾರ ಅವನು ಆರಿಸಿಕೊಂಡದ್ದು ಐಗುಪ್ತ ದೇಶದ ಆ ರಾತ್ರಿಯ ಕಥೆ. ಗುಲಾಮರಾಗಿದ್ದ ಇಸ್ರಾಯೇಲರು, ಅಂದರೆ ಯೆಹೂದಿಗಳ ಪೂರ್ವಿಕರು, ದೇವರ ಅಪ್ಪಣೆಯಂತೆ ಕುರಿಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಬಳಿದರು. ಸಾವು ಊರೆಲ್ಲ ತಿರುಗಿ, ರಕ್ತವಿದ್ದ ಮನೆಗಳನ್ನು ದಾಟಿ ಹೋಯಿತು. ಅದಕ್ಕೆ ಯೆಶಾಯ ಪ್ರವಾದಿಯ ಮಾತನ್ನೂ ಹೆಣೆದ. ಬಾಯಿ ತೆರೆಯದೆ ಕೊಯ್ಯುವವರ ಹಿಂದೆ ನಡೆದ ಕುರಿಯಂಥ ಒಬ್ಬ ಸೇವಕ. ಓದುತ್ತ ಹೋದಂತೆ ಅವನ ದನಿ ಏರಿತ್ತು. "ಆ ರಕ್ತ ಇನ್ನೂ ಹಸೀ ಐತಿ! ಅದು ಇದ್ದ ಮನಿಯೊಳಗ ಸಾವು ಕಾಲಿಡೂದಿಲ್ಲ!" ಎಂದು ಕೂಗಿ ಹೇಳಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಉದ್ದಪ್ಪ ಕಣ್ಣು ಮಿಟುಕಿಸದೆ ಕೇಳಿದ್ದ.

ಅಂಥ ಕಣ್ಣು ತನ್ನ ಮೇಲೆ ನೆಟ್ಟಿದ್ದು ರಾಜಪ್ಪನಿಗೆ ಆ ದಿನ ಹೆಮ್ಮೆ ತಂದಿತ್ತು. ಈಗ ಅವನು ಚಪ್ಪಲಿ ಸಹ ಮೆಟ್ಟದೆ ಕುರುಬರ ಓಣಿಗೆ ಓಡಿದ.

ಅಲ್ಲವ್ವ ಹೇಳಿದ್ದು ನಿಜವೇ ಆಗಿತ್ತು. ರಕ್ತ ಒಣಗಿ ಕಪ್ಪಾಗಿ, ನೊಣ ಮುತ್ತಿತ್ತು. ಮೇಲಿನ ಪಟ್ಟಿಯ ನಟ್ಟನಡುವೆ ಐದು ಬೆರಳೂ ಬಿಡಿಸಿಟ್ಟ ಒಂದು ಹಸ್ತದ ಗುರುತು. ಪಕ್ಕದ ಎರಡು ಮನೆಗಳಿಗೂ ಹಾಗೇ ಬಳಿದಿದ್ದರು. ಅವೂ ಅದೇ ಭಾನುವಾರ ಕೂತು ಕೇಳಿದ ಮನೆಗಳು. ಉದ್ದಪ್ಪನ ಹೊಸ್ತಿಲ ಬದಿಯಲ್ಲಿ, ಗೋಡೆಯ ಬಿಲದ ಬಾಯಲ್ಲಿ ಒಂದು ಇಲಿ ಅಂಗಾತ ಬಿದ್ದಿತ್ತು.

"ಉದ್ದಪ್ಪಾ! ನಾ ರಾಜಪ್ಪ. ಬಾಗಲಾ ತಗೀ."

"ತಗಿಯಾಕ ಬರೂದಿಲ್ರಿ, ಉಪದೇಶಿಗಳ," ಒಳಗಿಂದ ದನಿ ಬಂತು. ಹೆದರಿಕೆ ಇರಲಿಲ್ಲ ಅದರಲ್ಲಿ. "ಜಡ್ಡು ಊರು ಬಿಡೂತನಕಾ ತಗಿಯೂದಿಲ್ಲ. ಕಾಳು ಐತಿ, ನೀರು ಐತಿ."

"ನಿನ್ನ ಹೊಸ್ತಿಲದಾಗ ಇಲಿ ಸತ್ತೈತೋ!"

"ಹೊರಗ ಸತ್ತೈತಿ. ಒಳಗ ಬರಾಕ ಆಗಿಲ್ಲ ಅದಕ."

ರಾಜಪ್ಪ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ. "ಉದ್ದಪ್ಪಾ, ಕೇಳಿಲ್ಲೆ. ಐತವಾರ ನಾ ಹೇಳಿದ್ದು ನೆರಳಿನ ಮಾತು. ಕುರಿಮರಿ ಅಂದ್ರ ಕುರಿಮರಿ ಅಲ್ಲ. ಬಾಗಲಾ ಅಂದ್ರ ಬಾಗಲಾ ಅಲ್ಲ. ಬಾಗಲಾ ಅಂದ್ರ ಮನಸ್ಸು."

"ಹಂಗಾರ ಆ ಮಂದಿ ಮನಸ್ಸಿಗೆ ರಕ್ತಾ ಬಳಕೊಂಡ್ರೇನ್ರಿ?"

"ಇಲ್ಲ, ಅವರು ಬಾಗಲಕ್ಕಽ..."

"ಉಳದ್ರೋ ಇಲ್ಲೋ?"

"ಉಳದ್ರು."

"ಮತ್ತ?"

ಉದ್ದಪ್ಪನೇ ಮುಂದುವರಿದ. ಈಗ ದನಿ ಗಡುಸಾಗಿತ್ತು. "ಮೊದಲನೇ ಜಡ್ಡಿನಾಗ ಸರಕಾರದ ಮಾತು ಕೇಳಿ ಗುಡಸಲಕ್ಕ ಹೋದೆ. ದೊಡ್ಡ ಮಗಾ ಶೆಟ್ಟೆಪ್ಪ ಅಲ್ಲೇ ಸತ್ತ. ತಿರುಗಿ ಬಂದ್ರ ಮನಿ ಮಾಳಿಗಿ ಕಿತ್ತು ಒಗದಿದ್ರು, ಬಿಸಲು ಬೀಳ್ಲಿ ಅಂತ. ಸರಕಾರದ ಮಾತು ಕೇಳಿ ಮಗನ್ನ ಕಳಕೊಂಡೆ. ಈಗ ದೇವರ ಮಾತು ಕೇಳಾಕತ್ತೇನಿ. ನೀವಽ ಹೇಳೀರಿ. ಈಗ ನೀವಽ ಅಲ್ಲ ಅಂದ್ರ, ಐತವಾರ ಹೇಳಿದ್ದು ಸುಳ್ಳೇನು?"

"ಸುಳ್ಳಲ್ಲ."

"ಸುಳ್ಳಲ್ಲ ಅಂದ್ಮ್ಯಾಲ ಹೋಗಿ ಬರ್ರಿ. ಬಾಗಲಕ್ಕ ಕೈ ಹಚ್ಚಬ್ಯಾಡ್ರಿ. ಕೊಡ್ಲಿ ಇಟ್ಟಕೊಂಡೇನಿ."

ಒಳಗೆ ಒಂದು ಕೂಸು ಅತ್ತಿತು. ಅದು ಉದ್ದಪ್ಪನ ಕಿರಿ ಸೊಸೆ ಸತ್ತೆವ್ವನ ಕೂಸು. ಅವಳ ಗಂಡ ಕುರಿ ಹಿಂಡಿನ ಸಂಗಡ ಮೂಡಣದ ಕಡೆ ಹೋಗಿದ್ದ. ಉದ್ದಪ್ಪನ ಹೆಂಡತಿ ಕಾಡವ್ವನ ದನಿ ಮಾತ್ರ ಎಲ್ಲೂ ಕೇಳಲಿಲ್ಲ. ಯಾವಾಗಲೂ ಗಂಡನಿಗಿಂತ ಮೊದಲು ಮಾತಾಡುವ ಹೆಂಗಸು ಅವಳು. ರಾಜಪ್ಪ ಇದನ್ನು ಗಮನಿಸಿದ. ಅಲ್ಲಿಂದ ನೇರ ಚಾವಡಿಗೆ ಓಡಿದ.

ಚಾವಡಿಯ ಮುಂದೆ ಗೋಕಾಕದ ಟಾಂಗಾ ನಿಂತಿತ್ತು. ಗೋಕಾಕದ ದವಾಖಾನೆಯ ಡಾಕ್ಟರು ಸಾಮಾಜಿ ರೋಹೇಕರ ಬೆಳಿಗ್ಗೆಯೇ ಬಂದು ಪೊಲೀಸ್ ಪಾಟೀಲನ ಜೊತೆ ಕೂತಿದ್ದರು. ಅವರು ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು, ಅಂದರೆ ಯಾವ ಕಾಲದಲ್ಲೋ ಹಡಗು ಒಡೆದು ಅಲ್ಲಿ ದಡ ಸೇರಿದ ಯೆಹೂದಿಗಳ ವಂಶ. ತಮ್ಮ ಮತದ ಬಿಡುವಿನ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರೆಂದು ಅವರ ಹಿರಿಯರನ್ನು ಅಲ್ಲಿನವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರಂತೆ. ಗೋಕಾಕದ ಜನಕ್ಕೆ ಮಾತ್ರ ಈ ಡಾಕ್ಟರು ಯಾವ ಮತದವರೆಂದು ಬಗೆಹರಿದಿರಲಿಲ್ಲ. ಕೆಲವರು ಮುಸಲ್ಮಾನರೆಂದರು, ಕೆಲವರು ಮರಾಠರೆಂದರು.

ರಾಜಪ್ಪನಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅಲ್ಲವ್ವನ ಚಳಿಜ್ವರಕ್ಕೆ ಔಷಧ ತರಲು ಹೋದಾಗ ಅವರ ಮೇಜಿನ ಮೇಲೆ ಯೆಹೂದಿಗಳ ಇಬ್ರಿಯ ಲಿಪಿಯ ಪ್ರಾರ್ಥನೆಯ ಪುಸ್ತಕ ಕಂಡಿದ್ದ. ಅಂದೇ ಅವರ ಸಂಗಡ ವಾದಕ್ಕೆ ಕೂತಿದ್ದ. ಯೆಶಾಯ ಹೇಳಿದ ಕುರಿಯಂಥ ಸೇವಕ ಕ್ರಿಸ್ತನೇ ಎಂದು ಅವನ ಹಟ. "ಆ ಸೇವಕ ಅಂದ್ರ ನಮ್ಮ ಕುಲ," ಎಂದಿದ್ದರು ಡಾಕ್ಟರು. "ಊರೂರು ಹೊಡಿಸಿಕೊಂಡು ತಿರುಗಿದ ಕುಲ." ರಾಜಪ್ಪ ಬಿಟ್ಟಿರಲಿಲ್ಲ. "ನಿಮ್ಮ ಗ್ರಂಥ ನಿಮಗಽ ತಿಳೀಲಿಲ್ಲ ಸಾಹೇಬ್ರ. ನೆರಳು ಹಿಡಕೊಂಡು ಕುಂತೀರಿ, ದೇಹ ಬಂದದ್ದು ಕಾಣಲಿಲ್ಲ," ಎಂದುಬಿಟ್ಟಿದ್ದ. ಡಾಕ್ಟರ ಮುಖ ಕೆಂಪೇರಿತ್ತು. "ನೆರಳಿಗೆ ಹಸಿವು ಆಗತೈತೇನ್ರಿ? ನಮ್ಮ ಮಂದಿಗೆ ಹಸಿವಾಗಿತ್ತು. ಬೆನ್ನ ಮ್ಯಾಲ ಬಾರಕೋಲು ಬಿದ್ದಿತ್ತು. ಔಷಧ ತಗೊಂಡು ಹೋಗ್ರಿ," ಎಂದು ಎದ್ದಿದ್ದರು. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ಈಗ ರಾಜಪ್ಪ ಚಾವಡಿಯ ಮೆಟ್ಟಿಲ ಕೆಳಗೇ ನಿಂತು ಎಲ್ಲವನ್ನೂ ಹೇಳಿದ. ತಾನು ಏನು ಉಪದೇಶ ಮಾಡಿದೆ, ಅವರು ಏನು ಮಾಡಿದರು, ಕಾಡವ್ವನ ದನಿ ಕೇಳದೆ ಇದ್ದದ್ದು. "ಇದು ನನ್ನಿಂದ ಆಗೇತಿ," ಎಂದ.

"ನಿಮ್ಮಿಂದಽ ಆಗೇತಿ," ಡಾಕ್ಟರು ಅಂದರು. "ನಮ್ಮ ರಾತ್ರಿಗೆ ನೀವು ನೆರಳು ಅಂದ್ರಿ. ಈಗ ಆ ನೆರಳಿನಾಗ ಮಂದಿ ಸಾಯಾಕತ್ತಾರ. ಹೋಗಿ ಬಿಡಿಸಿ ಹೇಳ್ರಿ. ನಿಮಗ ಬಿಡಿಸಿ ಹೇಳೂದು ಚಲೋ ಬರತೈತೆಲ್ಲಾ."

"ಹೇಳಿದೆ. ಕೇಳವಲ್ಲ."

"ಹಂಗಾರ ಬಾಗಲಾ ಮುರೀತೇವಿ." ಡಾಕ್ಟರು ಎದ್ದು ಟೋಪಿ ಹಾಕಿಕೊಂಡರು. ಪಾಟೀಲ ಸಿಪಾಯಿಗಳನ್ನು ಕರೆದ. ಹಾರೆ, ಸುಣ್ಣದ ಬುಟ್ಟಿ, ಫಿನೈಲಿನ ಡಬ್ಬಿ ಎತ್ತಿಕೊಂಡು ಅವರು ಹಿಂದೆ ಹೊರಟರು.

"ಸಾಹೇಬ್ರ, ಕೊಡ್ಲಿ ಇಟ್ಟಕೊಂಡು ಕುಂತಾನ. ಯಾರರೆ ಸಾಯ್ತಾರ," ಎಂದ ರಾಜಪ್ಪ ಅವರ ಬೆನ್ನಿಗೆ ನಡೆಯುತ್ತ.

"ಬಾಗಲಾ ಹಾಕಿದ್ರ ಎಲ್ಲಾರೂ ಸಾಯ್ತಾರ."

ಓಣಿಯಲ್ಲಿ ಉದ್ದಪ್ಪನ ಬಾಗಿಲು ಕಾಣುವಷ್ಟು ಹತ್ತಿರ ಬಂದಾಗ ಡಾಕ್ಟರು ನಿಂತುಬಿಟ್ಟರು. ಹಿಂದಿನ ಸಿಪಾಯಿ ಅವರಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದ. ಡಾಕ್ಟರು ಮೇಲಿನ ಪಟ್ಟಿಯ ಮೇಲಿದ್ದ ಆ ಹಸ್ತವನ್ನೇ ನೋಡುತ್ತಿದ್ದರು.

"ಇದನ್ನ ಹಿಂಗ ಕೈಲೆ ಮೂಡಸ್ರಿ ಅಂತ ನೀವು ಹೇಳಿದ್ರೇನು?" ಎಂದು ರಾಜಪ್ಪನನ್ನು ಕೇಳಿದರು.

"ಇಲ್ಲ. ಕೈಲೆ ಬಳದಿರಬೇಕು. ಕುಂಚ ಎಲ್ಲಿದು ಅವರ ಹಂತೇಕ?"

"ನನ್ನ ಆಯಿ, ಹಡದಾಕಿ, ವರ್ಷಾ ವರ್ಷಾ ಮೂಡಸ್ತಿದ್ಲು," ಎಂದರು ಡಾಕ್ಟರು. "ಕೊಂಕಣದಾಗ, ನಮ್ಮ ಮನಿ ಬಾಗಲದ ಮ್ಯಾಲ. ಆ ರಾತ್ರಿ ನೆನಪಿನ ಹಬ್ಬದ ದಿವಸ ಕುರಿ ರಕ್ತದಾಗ ಕೈ ಅದ್ದಿ, ಹಿಂಗಽ, ಐದೂ ಬಟ್ಟು ಬಿಡಿಸಿ. ಪುಸ್ತಕ ಓದಾಕ ಬರತಿರಲಿಲ್ಲ ಆಕಿಗೆ. ಆಕಿ ಅತ್ತಿ ಮಾಡ್ತಿದ್ಲು, ಈಕಿ ಮಾಡಿದ್ಲು."

ಪಾಟೀಲ ಅವಸರ ಮಾಡಿದ. "ಸಾಹೇಬ್ರ, ಹಾರಿ ಹಾಕಸ್ಲೇನ್ರಿ?"

"ಹಾಕಬ್ಯಾಡ್ರಿ. ನಿಮ್ಮ ಮಂದಿನ್ನ ಕರಕೊಂಡು ಓಣಿ ಬಾಯಿಗೆ ಹೋಗಿ ನಿಲ್ರಿ."

ಸಿಪಾಯಿಗಳು ಸರಿದರು. ಡಾಕ್ಟರು ಬಾಗಿಲಿನ ಮುಂದೆ ಹೋಗಿ, ಬಡಿಯಲು ಎತ್ತಿದ ಕೈಯನ್ನು ಕೆಳಗಿಳಿಸಿ, ಬಾಯಿಂದಲೇ ಕರೆದರು.

"ಉದ್ದಪ್ಪಾ."

"ಯಾರದು?" ಒಳಗೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು.

"ನಾ ಗೋಕಾಕದ ಡಾಕ್ಟರು. ಬಾಗಲಾ ಮುರಿಯೂದಿಲ್ಲ, ಹೆದರಬ್ಯಾಡ. ಈ ಗುರುತು ಯಾರ ಮನಿದು ಗೊತ್ತೈತೇನು?"

"ಇಸ್ರಾಯೇಲರ ಮನಿದು."

"ನಾವಽ ಅವರು. ಆ ರಾತ್ರಿ ಆ ಮನಿಯೊಳಗ ಕುಂತವರ ಮಗಾ ನಾನು."

ಒಳಗಿನವರಿಗೆ ಇದು ನಂಬುವಂತಿರಲಿಲ್ಲ. ಉದ್ದಪ್ಪ ರಾಜಪ್ಪನನ್ನು ಕೂಗಿ ಕೇಳಿದ. "ಉಪದೇಶಿಗಳ, ಖರೇನ್ರಿ? ಆ ಮಂದಿ ಇನ್ನೂ ಅದಾರೇನು?"

ರಾಜಪ್ಪ ಎಷ್ಟೋ ಉಪದೇಶಗಳಲ್ಲಿ ಇಸ್ರಾಯೇಲರ ಹೆಸರು ಹೇಳಿದ್ದ. ಅವರು ಈಗಲೂ ಬದುಕಿದ್ದಾರೆಂದು ಒಂದು ಸಲವೂ ಹೇಳಿರಲಿಲ್ಲ. "ಅದಾರ, ಉದ್ದಪ್ಪಾ. ಇವರು ಅವರಽ," ಎಂದ.

"ಹಂಗಾರ ನೀವಽ ಹೇಳ್ರಿ, ಸಾಹೇಬ್ರ. ರಕ್ತಾ ಹಚ್ಚಿದ ಮನಿಗೆ ಸಾವು ಬರಲಿಲ್ಲ. ಹೌದಲ್ಲೋ?"

"ಹೌದು, ಬರಲಿಲ್ಲ. ಆದ್ರ ನೀ ಕುರಿ ಕೊಯ್ದು ಏನ ಮಾಡ್ದಿ?"

"ಸುಟ್ಟು ತಿಂದೇವಿ. ಬಾಗಲಾ ಹಾಕಿ ಮಕ್ಕೊಂಡೇವಿ."

"ನಮ್ಮವರು ಮಕ್ಕೊಳ್ಳಲಿಲ್ಲ, ಉದ್ದಪ್ಪಾ. ಕುಂತೂ ತಿನ್ನಲಿಲ್ಲ. ನಿಂತು ತಿಂದ್ರು. ನಡಾ ಕಟ್ಟಿದ್ರು, ಕಾಲಾಗ ಕೆರಾ ಮೆಟ್ಟಿದ್ರು, ಕೈಯಾಗ ಕೋಲು ಹಿಡಿದಿದ್ರು. ಹಿಟ್ಟು ಹುಳಿ ಬರೂತನಕಾ ತಡೀಲಿಲ್ಲ, ಕಣಕಾ ಅರಿವ್ಯಾಗ ಸುತ್ತಿ ಹೆಗಲ ಮ್ಯಾಲ ಒಗದುಕೊಂಡ್ರು. ಯಾಕಂದಿ? ಆ ಗುರುತು ಒಂದ ರಾತ್ರಿದು. ಬೆಳಕು ಹರದ ಮ್ಯಾಲ ಆ ಮನಿಯೊಳಗ ನಮ್ಮವರು ಒಬ್ಬರೂ ಇರಲಿಲ್ಲ. ಎಲ್ಲಾರೂ ಊರು ಬಿಟ್ಟಿದ್ರು. ಮನಿ ಉಳಸೂದಕ್ಕ ಹಚ್ಚಿದ ರಕ್ತ ಅಲ್ಲ ಅದು. ಮನಿ ಬಿಡೂದಕ್ಕ."

ಪಕ್ಕದ ಮನೆಯ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

"ಉಪದೇಶಿಗಳ." ಉದ್ದಪ್ಪನ ದನಿ ಬಾಗಿಲಿಗೆ ತೀರ ಹತ್ತಿರ ಬಂದಿತ್ತು. "ಹಂಗ ಬರದೈತೇನ್ರಿ?"

ರಾಜಪ್ಪನ ಕೈಯಲ್ಲಿ ಪುಸ್ತಕವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಆ ಅಧ್ಯಾಯ ಅವನಿಗೆ ಬಾಯಿಪಾಠ. "ಬರದೈತಿ," ಎಂದ. "ಅವರು ಹೇಳಿದಂಗಽ ಬರದೈತಿ. ಕೆರಾ, ಕೋಲು, ಎಲ್ಲಾ."

"ಐತವಾರ ಓದಲಿಲ್ಲಲ್ಲಾ ಅದನ್ನ?"

"ಓದಲಿಲ್ಲ."

"ಯಾಕ?"

ಓಣಿಯ ತುದಿಯಲ್ಲಿ ಸಿಪಾಯಿಗಳು ಕೇಳುತ್ತಿದ್ದರು. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ರಾಜಪ್ಪ ಬಾಗಿಲಿಗೆ ಹಣೆ ಹಚ್ಚಿದ.

"ನನಗ ರಕ್ತದ ಮಾತು ಬೇಕಾಗಿತ್ತು, ಉದ್ದಪ್ಪಾ. ಕ್ರಿಸ್ತನ್ನ ತೋರಸಾಕ ಅಷ್ಟಽ ಸಾಕಾಗಿತ್ತು. ಕೆರಾ ಕೋಲು ತಗೊಂಡು ನಾ ಏನ ಮಾಡಲಿ ಅಂತ ಬಿಟ್ಟೆ. ಅವು ನಿನಗ ಬೇಕಾಗಿದ್ವು."

ಉತ್ತರವಾಗಿ ಬಂದದ್ದು ಇನ್ನೊಂದು ದನಿ, ಕೋಣೆಯ ಒಳಗಿನಿಂದ, ನೆಲದ ಮಟ್ಟದಿಂದ. ಕಾಡವ್ವನದು. "ಬಾಗಲಾ ತಗೀರಿ. ನನಗ ನಿನ್ನೆ ಹೊತ್ತು ಮುಣುಗೂದ್ರಾಗ ಬಗಲಾಗ ಗಂಟು ಬಂದೈತಿ. ಮೈ ಸುಡಾಕತ್ತೈತಿ. ಹೇಳಿರಲಿಲ್ಲ ನಾ."

"ಏನಂದಿ?" ಉದ್ದಪ್ಪ ಕೂಗಿದ. "ಏನಂದಿ ನೀ?"

"ನಿಮಗ ಭಾಳ ನಂಬಿಕಿ ಇತ್ತು. ಅದಕ್ಕ ಹೇಳಲಿಲ್ಲ. ಕೂಸಿನ್ನ ಹೊರಗ ಒಯ್ರಿ."

ಕೊಡಲಿ ಕೆಳಗೆ ಬಿದ್ದ ಸದ್ದು ಹೊರಗಿನವರಿಗೆ ಕೇಳಿಸಿತು. ಆಮೇಲೆ ಚಿಲಕದ ಸದ್ದು. ಬಾಗಿಲು ತೆರೆದದ್ದು ಉದ್ದಪ್ಪನಲ್ಲ, ಸೊಸೆ ಸತ್ತೆವ್ವ. ಕೂಸನ್ನು ಬಗಲಲ್ಲಿ ಕಟ್ಟಿಕೊಂಡಿದ್ದಳು, ಕಾಲಲ್ಲಿ ಆಗಲೇ ಕೆರ ಮೆಟ್ಟಿದ್ದಳು. ಯಾರ ಮುಖವನ್ನೂ ನೋಡದೆ ಹೊಸ್ತಿಲು ದಾಟಿ ಬಿಸಿಲಿಗೆ ಬಂದು ನಿಂತಳು.

ಡಾಕ್ಟರು ಒಳಗೆ ಹೋದರು. ರಾಜಪ್ಪನೂ ಹೋದ. ಉದ್ದಪ್ಪ ಗೋಡೆಗೆ ಒರಗಿ, ಬಿದ್ದ ಕೊಡಲಿಯ ಪಕ್ಕ ನಿಂತಿದ್ದ. ಆರಡಿ ಎತ್ತರದ ಆಳು ಮುದುಡಿದ ಹಾಗಿದ್ದ. ಕಾಡವ್ವ ಕಂಬಳಿಯ ಮೇಲೆ ಮಲಗಿದ್ದಳು. ಡಾಕ್ಟರು ಅವಳ ಬಗಲು ಮುಟ್ಟಿ ನೋಡಿ, ಕಣ್ಣು ನೋಡಿ, ಕೂಸನ್ನು ಇವಳ ಹತ್ತಿರ ಬಿಡಬೇಡಿರೆಂದು ಹೇಳಿ ಎದ್ದರು. ಉದ್ದಪ್ಪನಿಗೆ ತಿಳಿಯಿತು.

"ಗುಡಸಲಕ್ಕ ಬರೂದಿಲ್ಲ," ಎಂದ ಅವನು. "ಅಲ್ಲೆ ನನ್ನ ಮಗಾ ಸತ್ತಾನ. ಈಕಿನ್ನೂ ಅಲ್ಲೆ ಹಾಕಾಕ ಆಗೂದಿಲ್ಲ."

"ಎಲ್ಲಿಗೆ ಹೋಗ್ತಿ?"

"ಹಳ್ಳದ ಆಚೀಕ ಗಾಯರಾಣ ಐತಿ. ಕುರಿ ಹಟ್ಟಿ ಹಾಕೂ ಜಾಗಾ. ಗಾಳಿ ಐತಿ, ನೀರು ಐತಿ."

ಓಣಿಯ ಬಾಯಲ್ಲಿ ಪಾಟೀಲ ತಕರಾರು ತೆಗೆದ. ಗುಡಿಸಲಿಗೇ ಹೋಗಬೇಕೆಂದು ಮೇಲಿನವರ ಅಪ್ಪಣೆ, ನಾಳೆ ಯಾರಾದರೂ ಕೇಳಿದರೆ ತಾನು ಏನು ಹೇಳಲಿ ಎಂದ. "ಡಾಕ್ಟರು ಕಳಿಸ್ಯಾರ ಅಂತ ಹೇಳ್ರಿ," ಎಂದರು ರೋಹೇಕರ. "ಮನಿ ಬಿಡಬೇಕು, ಇಲಿಯಿಂದ ದೂರ ಇರಬೇಕು. ನನಗ ಬೇಕಾದದ್ದು ಅಷ್ಟಽ. ಎಲ್ಲಿ ಇರತಾರ ಅನ್ನೂದು ಅವರ ಖುಷಿ."

ಮಧ್ಯಾಹ್ನದ ಹೊತ್ತಿಗೆ ಅವರು ಹೊರಟರು. ಉದ್ದಪ್ಪ ಮತ್ತು ರಾಜಪ್ಪ ಕಂಬಳಿಯ ನಾಲ್ಕು ಮೂಲೆ ಹಿಡಿದು ಕಾಡವ್ವನನ್ನು ಹೊತ್ತರು. ಜಡ್ಡಿನವಳ ಮೈ ಮುಟ್ಟುವುದು ಬೇಡವೆಂದು ಡಾಕ್ಟರು ರಾಜಪ್ಪನಿಗೆ ಹೇಳಿದ್ದರು. ಅವನು ಕೇಳಲಿಲ್ಲ. ಹಿಂದೆ ಸತ್ತೆವ್ವ, ಅವಳ ಹಿಂದೆ ಪಕ್ಕದ ಎರಡು ಮನೆಯವರು, ಗಡಿಗೆ, ಚೀಲ, ಕೋಳಿ ಎತ್ತಿಕೊಂಡು ಬಂದರು. ಸಿಪಾಯಿಗಳು ದೂರ ಸರಿದು ದಾರಿ ಬಿಟ್ಟರು. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ನಡು ಹಳ್ಳದಲ್ಲಿ ರಾಜಪ್ಪನ ಕಾಲು ಜಾರಿದಾಗ ಉದ್ದಪ್ಪ ತನ್ನ ಕಡೆಯ ಭಾರವನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅವನ ರಟ್ಟೆ ಹಿಡಿದ.

ಗಾಯರಾಣದ ಜಾಲಿ ಮರದ ಕೆಳಗೆ ಡಾಕ್ಟರು ಎಲ್ಲರಿಗೂ ಸೂಜಿಮದ್ದು ಚುಚ್ಚಿದರು. ಮೊದಲು ತೋಳು ಚಾಚಿದವಳು ಸತ್ತೆವ್ವ. ಉದ್ದಪ್ಪ ಕಡೆಗೆ ಚಾಚಿದ.

ಕಾಡವ್ವ ಮೂರನೆಯ ದಿನ ತೀರಿಕೊಂಡಳು. ಕೊನೆಯವರೆಗೂ ಎಚ್ಚರವಿತ್ತು. ಸೊಸೆಗೆ ಕೂಸನ್ನು ಹತ್ತಿರ ತರಬೇಡವೆಂದು ಕೈ ಮಾಡಿ ಹೇಳುತ್ತಲೇ ಇದ್ದಳು. ಸತ್ತೆವ್ವನಿಗಾಗಲಿ, ಕೂಸಿಗಾಗಲಿ, ಜೊತೆಗೆ ಬಂದ ಎರಡು ಮನೆಯವರಿಗಾಗಲಿ ಜಡ್ಡು ತಗುಲಲಿಲ್ಲ. ಜನ ಊರಲ್ಲೇ ಉಳಿದುಕೊಂಡಿದ್ದ ಬೇರೆ ಓಣಿಗಳಲ್ಲಿ ಆ ತಿಂಗಳು ತುಂಬ ಜನ ಸತ್ತರು.

ಮಣ್ಣು ಕೊಟ್ಟ ಮೇಲೆ ಉದ್ದಪ್ಪ ಗುಣಿಯ ಪಕ್ಕ ಕೂತ. ರಾಜಪ್ಪ ಪ್ರಾರ್ಥನೆ ಮುಗಿಸಿ ಗುದ್ದಲಿ ಒರೆಸುತ್ತಿದ್ದ. ಅಲ್ಲವ್ವ ಅನ್ನದ ಬುತ್ತಿ ತಂದಿದ್ದಳು. ಯಾರೂ ಮುಟ್ಟಿರಲಿಲ್ಲ.

"ಒಂದ ಮಾತು ಕೇಳಲೇನ್ರಿ?"

"ಕೇಳು."

"ಆ ರಾತ್ರಿ ರಕ್ತಾ ಹಚ್ಚಿದ ಮನ್ಯಾಗ ಒಬ್ಬರೂ ಸಾಯಲಿಲ್ಲಂತ. ನಾನೂ ಹಚ್ಚಿದೆ. ನನ್ನ ಕೈಲೆ ಹಚ್ಚಿದೆ. ಮತ್ತ ಈಕಿ ಯಾಕ ಹ್ವಾದ್ಲು?"

ರಾಜಪ್ಪನಿಗೆ ಹಲವು ಉತ್ತರಗಳು ಗೊತ್ತಿದ್ದವು. ಸಾವೆಂದರೆ ನಿಜವಾದ ಸಾವಲ್ಲ, ಅದು ಪಾಪದ ಸಾವು. ಬಾಗಿಲೆಂದರೆ ಆತ್ಮದ ಬಾಗಿಲು. ಇಂಥ ಹತ್ತು ಅರ್ಥಗಳು ಅವನ ನಾಲಿಗೆಯ ತುದಿಗೆ ಬಂದವು. ಎದುರಿಗೆ ಹಸಿ ಮಣ್ಣು ಇತ್ತು. ಅವನು ಎಲ್ಲವನ್ನೂ ನುಂಗಿಕೊಂಡ.

"ನನಗ ಗೊತ್ತಿಲ್ಲ, ಉದ್ದಪ್ಪಾ."

ಉದ್ದಪ್ಪ ಅವನನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಅಲ್ಲವ್ವ ಹೆದರಿದಳು. ಅವನು ಬೈಯಲಿಲ್ಲ. ಬುತ್ತಿಯನ್ನು ಹತ್ತಿರ ಎಳೆದು, ಒಂದು ತುತ್ತು ತೆಗೆದು ರಾಜಪ್ಪನ ಕೈಗೆ ಕೊಟ್ಟ, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡ.

ಉದ್ದಪ್ಪ ಮತ್ತೆ ಆ ಮನೆಗೆ ಹೋಗಲಿಲ್ಲ. ಮಗ ಹಿಂಡನ್ನು ತಿರುಗಿ ತಂದ ಮೇಲೆ ಗಾಯರಾಣದಲ್ಲೇ ಹಟ್ಟಿ ಹಾಕಿಕೊಂಡ. ಪ್ರಾರ್ಥನೆಯ ಮನೆಗೂ ಬರಲಿಲ್ಲ. ಮಿಶನ್ನಿನ ಹಿರಿಯರು ಈ ಬಗ್ಗೆ ರಾಜಪ್ಪನನ್ನು ಕರೆಸಿ ಕೇಳಿದರು. ಅವನು ನಡೆದದ್ದನ್ನು ಮುಚ್ಚಿಡದೆ ಹೇಳಿದ. ಒಂದು ವರ್ಷ ಉಪದೇಶ ಮಾಡಬಾರದು, ಶಾಲೆ ಮಾತ್ರ ನಡೆಸಬೇಕು ಎಂದು ತೀರ್ಪಾಯಿತು. ಅವನು ಒಪ್ಪಿಕೊಂಡು ಬಂದ.

ಅದಾದ ಮೇಲೆ ಉದ್ದಪ್ಪನೇ ಹೇಳಿ ಕಳಿಸಿದ. ಉಪದೇಶ ಬೇಡ, ಬರೆದದ್ದನ್ನು ಓದಿ ತೋರಿಸಿದರೆ ಸಾಕು. ಮೊದಲಿನಿಂದ, ಏನೂ ಬಿಡದೆ.

ಹೀಗೆ ಭಾನುವಾರದ ಸಂಜೆ ರಾಜಪ್ಪ ಹಳ್ಳ ದಾಟಿ ಹೋಗತೊಡಗಿದ. ಕುರಿಗಳು ಸುತ್ತ ಮಲಗಿ ಮೆಲುಕು ಹಾಕುತ್ತಿದ್ದವು. ಅವನು ಓದುತ್ತಿದ್ದ, ಅರ್ಥ ಹೇಳುತ್ತಿರಲಿಲ್ಲ. ಕೇಳಿದರೆ ಮಾತ್ರ ಇದು ಯಾರು ಯಾರಿಗೆ ಹೇಳಿದ ಮಾತು, ಆಗ ಅವರಿಗೆ ಏನಾಗಿತ್ತು ಎಂದು ಹೇಳುತ್ತಿದ್ದ. ಒಮ್ಮೆ ಡಾಕ್ಟರು ಕೂಸನ್ನು ನೋಡಲು ಬಂದವರು ತಾವೂ ಕಂಬಳಿಯ ಮೇಲೆ ಕೂತರು. ಓದುವಾಗ ರಾಜಪ್ಪ ಒಂದು ಊರಿನ ಹೆಸರು ತಪ್ಪಿದ್ದಕ್ಕೆ ತಿದ್ದಿದರು.

"ಆ ಕುರಿಮರಿ ಕ್ರಿಸ್ತ ಅಂತ ಈಗೂ ನಂಬತೀರೇನು?" ಎಂದು ಕೇಳಿದರು.

"ನಂಬತೇನಿ, ಸಾಹೇಬ್ರ. ಅದನ್ನ ಬಿಡಾಕ ಆಗೂದಿಲ್ಲ ನನಗ. ಆದ್ರ ಅದು ಮೊದಲ ನಿಮ್ಮ ಮಂದಿ ಕುರಿ. ನಿಮ್ಮ ಮಂದಿ ರಾತ್ರಿ."

"ನಾ ಒಪ್ಪೂದಿಲ್ಲ."

"ಗೊತ್ತೈತಿ."

"ಯೆಶಾಯಂದೂ ಒಪ್ಪೂದಿಲ್ಲ."

"ಅದೂ ಗೊತ್ತೈತ್ರಿ."

ಡಾಕ್ಟರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ರಾಜಪ್ಪ ಓದು ಮುಂದುವರಿಸಿದ. ಅಷ್ಟು ದೊಡ್ಡ ಸಮುದ್ರ ದಾಟಿ ಬಂದ ಜನ ಅಡವಿಯಲ್ಲಿ ನೀರು ಕಹಿಯೆಂದು ಗೊಣಗಿದರು; ಐಗುಪ್ತದಲ್ಲಿ ತಿಂದ ಉಳ್ಳಾಗಡ್ಡಿಯನ್ನೂ ಬಳ್ಳೊಳ್ಳಿಯನ್ನೂ ನೆನೆಸಿಕೊಂಡು ಅತ್ತರು. ಕೂಸಿಗೆ ಹಾಲೂಡಿಸುತ್ತಿದ್ದ ಸತ್ತೆವ್ವ ಇದನ್ನು ಕೇಳಿ, ಅತ್ತೆ ಹೋದಾಗಿನಿಂದ ಮೊದಲ ಸಲ, ಸೆರಗು ಅಡ್ಡ ಹಿಡಿದು ನಕ್ಕಳು.

"ಉಳ್ಳಾಗಡ್ಡಿಗೆ ಅತ್ರೇನ್ರಿ? ಅವರೂ ನಮ್ಮಂಗಽ ಮಂದಿ," ಎಂದಳು.

"ಮುಂದ ಓದ್ರಿ," ಎಂದ ಉದ್ದಪ್ಪ. "ನೀರಿಗೆ ಏನ ಮಾಡಿದ್ರು ನೋಡೂಣು."